ಡೆಸ್ಮಾಯ್ಡ್ ಗೆಡ್ಡೆ: ಔಷಧ ಬಂದ ಮೇಲೂ ವೈದ್ಯರು ‘ಕಾದು ನೋಡೋಣ’ ಎನ್ನುವುದೇಕೆ?

2023ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ನಿರೋಗಾಸೆಸ್ಟಾಟ್ ಎಂಬ ಮಾತ್ರೆಗೆ ಅನುಮತಿ ನೀಡಿತು. ಡೆಸ್ಮಾಯ್ಡ್ ಎಂಬ ಅಪರೂಪದ ಮೃದು ಅಂಗಾಂಶದ ಗೆಡ್ಡೆಗೆಂದೇ ಅನುಮತಿ ಪಡೆದ ಮೊದಲ ಔಷಧ ಅದು. 2025ರಲ್ಲಿ ಯುರೋಪ್ ಒಕ್ಕೂಟದಲ್ಲಿಯೂ ಅದಕ್ಕೆ ಅನುಮತಿ ದೊರೆಯಿತು. ಈ ಎರಡು ಸುದ್ದಿಗಳ ನಡುವೆ, 2024ರಲ್ಲಿ, ಈ ಗೆಡ್ಡೆಯ ಚಿಕಿತ್ಸೆಯಲ್ಲಿ ಪಳಗಿದ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ ಪ್ರಕಟಿಸಿತು. ಹೊಸದಾಗಿ ಗೆಡ್ಡೆ ಪತ್ತೆಯಾದ ಬಹುಪಾಲು ರೋಗಿಗಳಿಗೆ ಮೊದಲ ಹೆಜ್ಜೆಯಾಗಿ ಅದು ಸೂಚಿಸಿದ್ದು ಶಸ್ತ್ರಚಿಕಿತ್ಸೆಯನ್ನೂ ಅಲ್ಲ, ಹೊಸ ಮಾತ್ರೆಯನ್ನೂ ಅಲ್ಲ. ಕ್ರಮವಾಗಿ ಎಂಆರ್‌ಐ ತೆಗೆಸುತ್ತ ಕಾದು ನೋಡುವುದನ್ನು.

ಇದನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಔಷಧ ಇದ್ದರೂ ಕಾಯುವುದೇಕೆ? ಇದು ಕ್ಯಾನ್ಸರ್ ಅಲ್ಲವೆಂದಾದರೆ ರೋಗಿಯನ್ನು ಕ್ಯಾನ್ಸರ್ ತಜ್ಞರ ಬಳಿಗೆ ಕಳುಹಿಸುವುದೇಕೆ? ಕೈಗೆ ಸಿಗುವ ಗೆಡ್ಡೆಯನ್ನು ಕತ್ತರಿಸಿ ತೆಗೆದರೆ ಮುಗಿಯಿತಲ್ಲವೇ? ಈ ಮೂರೂ ಪ್ರಶ್ನೆಗಳಿಗೆ ಉತ್ತರ ಗೆಡ್ಡೆಯ ವಿಚಿತ್ರ ಸ್ವಭಾವದಲ್ಲಿದೆ.

ಕ್ಯಾನ್ಸರ್ ಹೌದೋ, ಅಲ್ಲವೋ

ಸ್ನಾಯುಗಳನ್ನು ಹೊದ್ದುಕೊಂಡಿರುವ, ಅಂಗಗಳನ್ನು ಒಂದಕ್ಕೊಂದು ಬೆಸೆದಿಡುವ ನಾರಿನ ಅಂಗಾಂಶದಲ್ಲಿ ಡೆಸ್ಮಾಯ್ಡ್ ಹುಟ್ಟುತ್ತದೆ. ಸ್ನಾಯುರಜ್ಜುವಿನಂತೆ ಬಿಗಿಯಾಗಿರುವ ಕಾರಣಕ್ಕೆ ಜರ್ಮನಿಯ ವಿಜ್ಞಾನಿ ಯೊಹಾನೆಸ್ ಮ್ಯೂಲರ್ 1838ರಲ್ಲಿ ಗ್ರೀಕ್ ಮೂಲದ ಈ ಹೆಸರನ್ನು ಬಳಕೆಗೆ ತಂದರು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಐದಾರು ಮಂದಿಗೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಹೆಚ್ಚಿನವರು 15ರಿಂದ 60 ವರ್ಷದೊಳಗಿನವರು. ಮೂವತ್ತರ ಆಸುಪಾಸಿನ ಮಹಿಳೆಯರ ಪಾಲು ದೊಡ್ಡದು. ಭುಜ, ತೊಡೆ, ಕತ್ತು, ಹೊಟ್ಟೆಯ ಗೋಡೆ, ಕರುಳನ್ನು ಹಿಡಿದಿಡುವ ಪೊರೆ, ಹೀಗೆ ದೇಹದ ಯಾವ ಭಾಗದಲ್ಲಾದರೂ ಅದು ಬೆಳೆಯಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಡೆಸ್ಮಾಯ್ಡ್‌ಗೆ ನಡುವಿನ ಸ್ಥಾನವಿದೆ: ಇದ್ದ ಜಾಗದಲ್ಲಿ ಆಕ್ರಮಣಶೀಲ, ಆದರೆ ದೂರಕ್ಕೆ ಹರಡದು. ಮೂಳೆ, ಮೃದು ಅಂಗಾಂಶಗಳ ಕ್ಯಾನ್ಸರ್‌ಗಳಾದ ಸಾರ್ಕೋಮಾಗಳಂತೆ ಇದು ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗಿ ನೆಲೆಯೂರುವುದಿಲ್ಲ. ಆ ಅರ್ಥದಲ್ಲಿ ಇದು ಕ್ಯಾನ್ಸರ್ ಅಲ್ಲ. ಆದರೆ ಕೊಬ್ಬಿನ ಗಂಟಿನಂತಹ ನಿರುಪದ್ರವಿ ಗೆಡ್ಡೆಯೂ ಅಲ್ಲ. ಅದಕ್ಕೆ ಸ್ಪಷ್ಟವಾದ ಅಂಚಿಲ್ಲ; ಬೇರುಗಳಂತೆ ಸುತ್ತಲಿನ ಸ್ನಾಯುವಿನೊಳಗೆ ನುಗ್ಗುತ್ತದೆ, ನರಗಳನ್ನು ಒತ್ತುತ್ತದೆ, ಕೀಲುಗಳ ಚಲನೆಯನ್ನು ಕಟ್ಟಿಹಾಕುತ್ತದೆ, ಹೊಟ್ಟೆಯೊಳಗೆ ಬೆಳೆದರೆ ಕರುಳಿನ ದಾರಿಯನ್ನೇ ಮುಚ್ಚಬಲ್ಲದು. ‘ಇದು ಕ್ಯಾನ್ಸರ್ ಅಲ್ಲ, ಚಿಂತೆ ಬೇಡ’ ಎಂಬ ಸಮಾಧಾನದ ಮಾತು, ನೋವಿನಿಂದ ರಾತ್ರಿಯಿಡೀ ನಿದ್ದೆಯಿಲ್ಲದ ರೋಗಿಗೆ ಕ್ರೂರವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಔಷಧಗಳ ಬಳಕೆಯಲ್ಲೂ ದೊಡ್ಡ ಶಸ್ತ್ರಚಿಕಿತ್ಸೆಯ ನಿರ್ಧಾರದಲ್ಲೂ ಅನುಭವವಿರುವುದು ಸಾರ್ಕೋಮಾ ತಜ್ಞರಿಗೇ ಆದ್ದರಿಂದ ರೋಗಿ ಅವರ ಬಳಿಗೆ ಹೋಗಬೇಕಾಗುತ್ತದೆ.

ನಿಲ್ಲಿಸುವ ಆಜ್ಞೆ ತಲುಪದ ಗಾಯ

ಗಾಯವಾದಾಗ ನಾರಿನ ಅಂಗಾಂಶವನ್ನು ಹೆಣೆಯುವ ಫೈಬ್ರೊಬ್ಲಾಸ್ಟ್ ಕೋಶಗಳು ಚುರುಕಾಗುತ್ತವೆ, ಗಾಯ ಮಾಗಿದ ಮೇಲೆ ಸುಮ್ಮನಾಗುತ್ತವೆ. ಕೋಶವನ್ನು ವೃದ್ಧಿಗೆ ಪ್ರೇರೇಪಿಸುವ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನನ್ನು ಕೆಲಸ ಮುಗಿದ ಕೂಡಲೇ ಒಡೆದುಹಾಕುವ ವ್ಯವಸ್ಥೆಯೊಂದು ಕೋಶದೊಳಗೇ ಇದೆ. ಡೆಸ್ಮಾಯ್ಡ್‌ನಲ್ಲಿ ಕೆಡುವುದು ಈ ವ್ಯವಸ್ಥೆ. ಸುಮಾರು 85ರಿಂದ 90 ಶೇಕಡಾ ರೋಗಿಗಳಲ್ಲಿ ಬೀಟಾ-ಕ್ಯಾಟೆನಿನ್‌ನ ಸೂತ್ರವನ್ನು ಹೊತ್ತ ಸಿಟಿಎನ್‌ಎನ್‌ಬಿ1 ಎಂಬ ವಂಶವಾಹಿಯಲ್ಲಿ ಸಣ್ಣದೊಂದು ಬದಲಾವಣೆಯಾಗಿರುತ್ತದೆ. ಪರಿಣಾಮವಾಗಿ ಪ್ರೋಟೀನ್ ಒಡೆಯದೆ ಉಳಿದು, ಕೋಶದ ಕೇಂದ್ರದಲ್ಲಿ ಜಮೆಯಾಗಿ, ‘ಬೆಳೆ’ ಎಂಬ ಸೂಚನೆಯನ್ನೇ ಕೊಡುತ್ತಿರುತ್ತದೆ. ಇದು ಬದುಕಿನ ನಡುವೆ ಒಂದು ಕೋಶದಲ್ಲಿ ಆಗುವ ಬದಲಾವಣೆಯೇ ಹೊರತು ತಂದೆತಾಯಿಯಿಂದ ಬಂದದ್ದಲ್ಲ.

ಉಳಿದ ಕೆಲವರ ಕಥೆ ಬೇರೆ. ದೊಡ್ಡ ಕರುಳಿನಲ್ಲಿ ಪಾಲಿಪ್ ಎಂಬ ಸಣ್ಣ ಗಂಟುಗಳನ್ನು ನೂರಾರು ಸಂಖ್ಯೆಯಲ್ಲಿ ಹುಟ್ಟಿಸುವ ಎಫ್‌ಎಪಿ ಎಂಬ ಆನುವಂಶಿಕ ಕಾಯಿಲೆಯವರಲ್ಲಿ ಎಪಿಸಿ ಎಂಬ ಇನ್ನೊಂದು ವಂಶವಾಹಿ ಕೆಟ್ಟಿರುತ್ತದೆ. ಬೀಟಾ-ಕ್ಯಾಟೆನಿನ್ ಅನ್ನು ಒಡೆಯುವ ಯಂತ್ರದ ಒಂದು ಭಾಗ ತಯಾರಾಗುವುದು ಅದೇ ವಂಶವಾಹಿಯಿಂದ. ಒಟ್ಟು ಡೆಸ್ಮಾಯ್ಡ್ ರೋಗಿಗಳಲ್ಲಿ 5ರಿಂದ 10 ಶೇಕಡಾ ಮಂದಿ ಇಂಥವರು. ಆದ್ದರಿಂದ ಬಯಾಪ್ಸಿಯ ತುಣುಕಿನಲ್ಲಿ ಸಿಟಿಎನ್‌ಎನ್‌ಬಿ1 ಬದಲಾವಣೆ ಸಿಗದಿದ್ದರೆ ಕರುಳಿನ ತಪಾಸಣೆ ಮಾಡಿಸುವುದು ಅಗತ್ಯವಾಗುತ್ತದೆ. ಭುಜದ ಗೆಡ್ಡೆಗೆಂದು ಬಂದವರಿಗೆ ಕೊಲೊನೊಸ್ಕೋಪಿ ಬರೆದುಕೊಟ್ಟರೆ ಅದು ವೈದ್ಯರ ಅತಿರೇಕವಲ್ಲ.

ಗಾಯದೊಂದಿಗಿನ ಈ ನಂಟು ಮುಂದಿನ ವಾದಕ್ಕೆ ಬಹಳ ಮುಖ್ಯ. ಸಿಸೇರಿಯನ್ ಆದ ಜಾಗದಲ್ಲಿ, ಹಿಂದಿನ ಶಸ್ತ್ರಚಿಕಿತ್ಸೆಯ ಕಲೆಯ ಮೇಲೆ, ಎಫ್‌ಎಪಿ ಇರುವವರಲ್ಲಿ ದೊಡ್ಡ ಕರುಳನ್ನು ತೆಗೆದ ಕೆಲವು ವರ್ಷಗಳ ನಂತರ ಈ ಗೆಡ್ಡೆ ಹುಟ್ಟುವುದುಂಟು. ಅಂದರೆ ಕತ್ತರಿ ಆಡಿಸುವ ಕ್ರಿಯೆಯೇ ಕೆಲವೊಮ್ಮೆ ಗೆಡ್ಡೆಗೆ ಕರೆ ಕೊಟ್ಟಂತಾಗುತ್ತದೆ.

ಕತ್ತರಿಸಿದರೂ ಮರಳುವ ಗೆಡ್ಡೆ

ದಶಕಗಳ ಕಾಲ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆಯಾಗಿತ್ತು. ಇತರ ಮೃದು ಅಂಗಾಂಶದ ಗೆಡ್ಡೆಗಳಲ್ಲಿ ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ಅಗಲವಾಗಿ ಕತ್ತರಿಸಿದರೆ ರೋಗ ಮರಳುವ ಸಾಧ್ಯತೆ ತಗ್ಗುತ್ತದೆ. ಅದೇ ತರ್ಕವನ್ನು ಇಲ್ಲಿಗೂ ಅನ್ವಯಿಸಲಾಗಿತ್ತು. ಆದರೆ ಫಲಿತಾಂಶ ತರ್ಕಕ್ಕೆ ಒಗ್ಗಲಿಲ್ಲ. ವಿವಿಧ ವರದಿಗಳಲ್ಲಿ 20ರಿಂದ 60 ಶೇಕಡಾ ರೋಗಿಗಳಲ್ಲಿ ಗೆಡ್ಡೆ ಮತ್ತೆ ಬೆಳೆಯಿತು. ಅಂಚುಗಳಲ್ಲಿ ಗೆಡ್ಡೆಯ ಕೋಶ ಉಳಿದಿದ್ದರೂ ಕೆಲವರಲ್ಲಿ ಅದು ಮರಳಲಿಲ್ಲ. ಅಂಚು ಸ್ವಚ್ಛವಾಗಿದ್ದರೂ ಕೆಲವರಲ್ಲಿ ಮರಳಿತು. ಪ್ರತಿ ಮರುಕಳಿಕೆಗೂ ಮತ್ತೊಂದು ಶಸ್ತ್ರಚಿಕಿತ್ಸೆ ಎಂಬ ಸರಣಿಯಲ್ಲಿ ಸ್ನಾಯು, ನರ, ಕೊನೆಗೆ ಕೆಲವರಲ್ಲಿ ಇಡೀ ಕೈಯೋ ಕಾಲೋ ಹೋಯಿತು. ಜೀವಕ್ಕೆ ಅಪರೂಪವಾಗಿ ಮಾತ್ರ ಅಪಾಯ ತರುವ ಗೆಡ್ಡೆಗಾಗಿ ಅಂಗವನ್ನೇ ಕಳೆದುಕೊಳ್ಳುವ ಈ ಲೆಕ್ಕಾಚಾರವನ್ನು ಶಸ್ತ್ರವೈದ್ಯರೇ ಪ್ರಶ್ನಿಸತೊಡಗಿದರು. ಬದಲಾವಣೆ ಅವರ ನಡುವಿನಿಂದಲೇ ಬಂತೆಂಬುದನ್ನು ಇಲ್ಲಿ ಗಮನಿಸಬೇಕು.

ಗೆಡ್ಡೆಯ ವಂಶವಾಹಿ ಬದಲಾವಣೆಯ ಬಗೆಯೂ ಇದರಲ್ಲಿ ಪಾತ್ರ ವಹಿಸುತ್ತದೆ. ಎಸ್45ಎಫ್ ಎಂದು ಗುರುತಿಸುವ ಬದಲಾವಣೆ ಇರುವವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಗೆಡ್ಡೆ ಮರಳುವುದು ಹೆಚ್ಚು. ಹೊಟ್ಟೆಯ ಗೋಡೆಯಲ್ಲಿ ಬೆಳೆಯುವ ಗೆಡ್ಡೆಗೆ ಮಾತ್ರ ಇಂದಿಗೂ ಶಸ್ತ್ರಚಿಕಿತ್ಸೆ ಒಳ್ಳೆಯ ಆಯ್ಕೆಯಾಗಿ ಉಳಿದಿದೆ. ಅಲ್ಲಿ ಕಳೆದುಕೊಳ್ಳುವುದು ಕಡಿಮೆ, ಮರುಕಳಿಕೆಯೂ ಕಡಿಮೆ.

ಏನೂ ಕೊಡದಿದ್ದರೂ ಕುಗ್ಗಿದವರು

ಇಡೀ ಚರ್ಚೆಯ ಕೇಂದ್ರದಲ್ಲಿರುವ ಸಂಖ್ಯೆ ಯಾವ ಔಷಧದ್ದೂ ಅಲ್ಲ, ಪ್ಲಸೀಬೊ ಎಂಬ ಹುಸಿ ಮಾತ್ರೆಯದ್ದು. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆ ಬಳಸುವ ಸೊರಾಫೆನಿಬ್ ಮಾತ್ರೆಯನ್ನು 87 ಡೆಸ್ಮಾಯ್ಡ್ ರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ 33 ಶೇಕಡಾ ಮಂದಿಯ ಗೆಡ್ಡೆ ಗಣನೀಯವಾಗಿ ಕುಗ್ಗಿತ್ತು. ಔಷಧವೇ ಇಲ್ಲದ ಹುಸಿ ಮಾತ್ರೆ ಪಡೆದವರಲ್ಲೂ 20 ಶೇಕಡಾ ಮಂದಿಯ ಗೆಡ್ಡೆ ಕುಗ್ಗಿತ್ತು. ಸಾಮಾನ್ಯ ಕ್ಯಾನ್ಸರ್ ಪ್ರಯೋಗಗಳಲ್ಲಿ ಈ ಎರಡನೆಯ ಸಂಖ್ಯೆ ಸೊನ್ನೆಯ ಹತ್ತಿರವೇ ಇರುತ್ತದೆ.

ಇದರ ಅರ್ಥವೇನು? ಹುಸಿ ಮಾತ್ರೆ ಕೆಲಸ ಮಾಡಿತೆಂದಲ್ಲ. ಡೆಸ್ಮಾಯ್ಡ್ ತಾನಾಗಿಯೇ ಬೆಳೆಯುವುದನ್ನು ನಿಲ್ಲಿಸುತ್ತದೆ, ಕೆಲವೊಮ್ಮೆ ತಾನಾಗಿಯೇ ಕರಗುತ್ತದೆ. ಹಾಗಿರುವಾಗ ಹುಸಿ ಮಾತ್ರೆಯ ಗುಂಪಿಲ್ಲದೆ ನಡೆದ ಹಳೆಯ ಅಧ್ಯಯನಗಳಲ್ಲಿ, ಹಾರ್ಮೋನ್ ತಡೆಯುವ ಮಾತ್ರೆಯಾದ ಟಮೋಕ್ಸಿಫೆನ್‌ನಿಂದಲೋ ನೋವುನಿವಾರಕಗಳಿಂದಲೋ ಗೆಡ್ಡೆ ನಿಂತಿತೆಂಬ ವರದಿಗಳನ್ನು ನಂಬುವುದು ಹೇಗೆ? ನಿಂತದ್ದು ಮಾತ್ರೆಯಿಂದಲೋ, ನಿಲ್ಲುವ ಕಾಲ ಬಂದಿದ್ದರಿಂದಲೋ? ಈ ಪ್ರಶ್ನೆಗೆ ಉತ್ತರ ಕೊಡಲಾಗದ್ದರಿಂದಲೇ ಆ ಔಷಧಗಳು ಇಂದು ಹಿಂದೆ ಸರಿದಿವೆ. ಕಷಾಯ, ಲೇಪ, ಆಹಾರ ಪಥ್ಯಗಳಿಂದ ‘ಗೆಡ್ಡೆ ಕರಗಿಸಿಕೊಂಡ’ ಅನುಭವ ಕಥನಗಳನ್ನು ಓದುವಾಗಲೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ

ಸಕ್ರಿಯ ನಿಗಾ ಎಂದು ಕರೆಯುವ ಈ ಕ್ರಮಕ್ಕೆ ಕಟ್ಟುನಿಟ್ಟಾದ ವೇಳಾಪಟ್ಟಿಯಿದೆ. ಮೊದಲು ದಪ್ಪ ಸೂಜಿಯ ಬಯಾಪ್ಸಿ ಆಗಬೇಕು ಮತ್ತು ಆ ತುಣುಕನ್ನು ಮೃದು ಅಂಗಾಂಶದ ಗೆಡ್ಡೆಗಳಲ್ಲಿ ಪರಿಣತಿಯಿರುವ ರೋಗಶಾಸ್ತ್ರಜ್ಞರು ನೋಡಬೇಕು. ಗಾಯದ ಕಲೆಯೆಂದೋ ಬೇರೆ ಬಗೆಯ ಸಾರ್ಕೋಮಾ ಎಂದೋ ತಪ್ಪಾಗಿ ಓದುವ ಅವಕಾಶ ಇಲ್ಲಿ ಹೆಚ್ಚು. ನಿಜವಾದ ಸಾರ್ಕೋಮಾವನ್ನು ಡೆಸ್ಮಾಯ್ಡ್ ಎಂದು ತಿಳಿದು ಕಾಯುತ್ತ ಕುಳಿತರೆ ಜೀವಕ್ಕೇ ಅಪಾಯ. ಡೆಸ್ಮಾಯ್ಡ್ ಅನ್ನು ಸಾರ್ಕೋಮಾ ಎಂದು ತಿಳಿದರೆ ಬೇಡದ ಅಂಗನಷ್ಟ. ಕಾಯುವ ನಿರ್ಧಾರದ ಭದ್ರತೆಯೆಲ್ಲ ನಿಂತಿರುವುದು ಈ ಒಂದು ವರದಿಯ ಮೇಲೆ.

ರೋಗನಿರ್ಣಯವಾದ ಒಂದೆರಡು ತಿಂಗಳೊಳಗೆ ಮೊದಲ ಮರುಪರೀಕ್ಷೆ, ನಂತರ ಮೂರರಿಂದ ಆರು ತಿಂಗಳಿಗೊಮ್ಮೆ ಎಂಆರ್‌ಐ. ಒಂದು ಸ್ಕ್ಯಾನಿನಲ್ಲಿ ಗೆಡ್ಡೆ ಸ್ವಲ್ಪ ಬೆಳೆದಂತೆ ಕಂಡ ಮಾತ್ರಕ್ಕೆ ಚಿಕಿತ್ಸೆ ಆರಂಭಿಸುವುದಿಲ್ಲ. ಬೆಳವಣಿಗೆ ಎರಡು ತಪಾಸಣೆಗಳಲ್ಲಾದರೂ ಮುಂದುವರಿದಿದೆಯೇ ಎಂದು ನೋಡುತ್ತಾರೆ, ಏಕೆಂದರೆ ಮೊದಲ ತಿಂಗಳುಗಳಲ್ಲಿ ಹಿಗ್ಗಿ ಆಮೇಲೆ ತಣ್ಣಗಾಗುವ ಗೆಡ್ಡೆಗಳೂ ಇವೆ. ಇಟಲಿ, ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ರೋಗಿಗಳನ್ನು ಹೀಗೆ ನಿಗಾದಲ್ಲಿಟ್ಟು ನಡೆಸಿದ ಅಧ್ಯಯನಗಳಲ್ಲಿ, ಮೊದಲ ಕೆಲವು ವರ್ಷಗಳಲ್ಲಿ ಚಿಕಿತ್ಸೆಯ ಅಗತ್ಯವೇ ಬಾರದ ರೋಗಿಗಳ ಸಂಖ್ಯೆಯೇ ಹೆಚ್ಚಾಗಿತ್ತು.

ಈ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಕರುಳಿನ ಪೊರೆಯಲ್ಲಿ ಬೆಳೆಯುತ್ತಿರುವ ಗೆಡ್ಡೆ, ಕತ್ತಿನಲ್ಲಿ ಉಸಿರಾಟದ ದಾರಿಗೆ ಹತ್ತಿರವಿರುವ ಗೆಡ್ಡೆ, ತಡೆಯಲಾಗದ ನೋವು ಇರುವಾಗ ಎರಡನೆಯ ಸ್ಕ್ಯಾನಿಗೆ ಕಾಯುವಂತಿಲ್ಲ. ಕಾಯುವುದರ ಮಾನಸಿಕ ಭಾರವೂ ಸಣ್ಣದಲ್ಲ. ಪ್ರತಿ ಸ್ಕ್ಯಾನಿನ ಮುಂಚಿನ ವಾರಗಳು ರೋಗಿಗೆ ಪರೀಕ್ಷೆಯ ದಿನಗಳಂತೆ ಕಳೆಯುತ್ತವೆ.

ಹೊಸ ಮಾತ್ರೆ ಕೊಡುವುದು, ಪಡೆಯುವುದು

ನಿರೋಗಾಸೆಸ್ಟಾಟ್ ಗಾಮಾ-ಸೆಕ್ರೆಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಕುತೂಹಲದ ಸಂಗತಿಯೆಂದರೆ, ಈ ಕಿಣ್ವದ ಹಿಂದೆ ಔಷಧ ಕಂಪನಿಗಳು ಬಹುಕಾಲ ಬಿದ್ದಿದ್ದು ಆಲ್ಝೈಮರ್ ಕಾಯಿಲೆಗಾಗಿ. ಮಿದುಳಿನಲ್ಲಿ ಜಮೆಯಾಗುವ ಅಮೈಲಾಯ್ಡ್ ತುಣುಕುಗಳನ್ನು ದೊಡ್ಡ ಪ್ರೋಟೀನಿನಿಂದ ಕತ್ತರಿಸಿ ಹೊರಬಿಡುವುದೂ ಅದೇ ಕಿಣ್ವ. ಆ ಪ್ರಯತ್ನ ಕೈಗೂಡಲಿಲ್ಲ. ಕೋಶದ ಬೆಳವಣಿಗೆಯನ್ನು ನಡೆಸುವ ನಾಚ್ ಎಂಬ ಇನ್ನೊಂದು ಸಂಕೇತ ಮಾರ್ಗಕ್ಕೂ ಈ ಕಿಣ್ವ ಬೇಕು. ಡೆಸ್ಮಾಯ್ಡ್‌ನ ಕೋಶಗಳಲ್ಲಿ ಆ ಮಾರ್ಗ ಚುರುಕಾಗಿರುವುದರಿಂದ ಔಷಧ ಇಲ್ಲಿ ಉಪಯೋಗಕ್ಕೆ ಬಂತು.

142 ರೋಗಿಗಳ ಪ್ರಯೋಗದಲ್ಲಿ ಈ ಮಾತ್ರೆ ಪಡೆದವರಲ್ಲಿ 41 ಶೇಕಡಾ ಮಂದಿಯ ಗೆಡ್ಡೆ ಕುಗ್ಗಿತು, ಹುಸಿ ಮಾತ್ರೆಯವರಲ್ಲಿ 8 ಶೇಕಡಾ. ಎರಡು ವರ್ಷಗಳ ನಂತರ ರೋಗ ಮುಂದುವರಿಯದೆ ಉಳಿದವರು ಕ್ರಮವಾಗಿ 76 ಮತ್ತು 44 ಶೇಕಡಾ. ನೋವು ತಗ್ಗಿತು, ದಿನನಿತ್ಯದ ಓಡಾಟ ಸುಧಾರಿಸಿತು. ಸೊರಾಫೆನಿಬ್ ಪ್ರಯೋಗದಲ್ಲಿ 20 ಇದ್ದ ಪ್ಲಸೀಬೊ ಸಂಖ್ಯೆ ಇಲ್ಲಿ 8ಕ್ಕೆ ಇಳಿದದ್ದೇಕೆಂದು ಕೇಳಬಹುದು. ಇಲ್ಲಿಗೆ ಸೇರಿಸಿಕೊಂಡದ್ದು ಹಿಂದಿನ ಒಂದು ವರ್ಷದಲ್ಲಿ ಗೆಡ್ಡೆ ಬೆಳೆದಿದೆಯೆಂದು ಸ್ಕ್ಯಾನಿನಲ್ಲಿ ಖಚಿತವಾದವರನ್ನು ಮಾತ್ರ. ಸೊರಾಫೆನಿಬ್ ಪ್ರಯೋಗದಲ್ಲಿ ನೋವಿನಂತಹ ತೊಂದರೆಯಿದ್ದವರಿಗೂ ಪ್ರವೇಶವಿತ್ತು. ಬೆಳೆಯುತ್ತಿರುವ ಗೆಡ್ಡೆಗಳನ್ನೇ ಆರಿಸಿಕೊಂಡರೆ ತಾನಾಗಿ ಕುಗ್ಗುವವು ಕಡಿಮೆಯಾಗುವುದು ನಿರೀಕ್ಷಿತವೇ. ಹಾಗಾಗಿ ಎರಡು ಪ್ರಯೋಗಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಈ ಮಾತ್ರೆ ಆ ಮಾತ್ರೆಗಿಂತ ಮೇಲು’ ಎಂದು ತೀರ್ಮಾನಿಸುವುದು ಸರಿಯಲ್ಲ. ಎರಡನ್ನೂ ನೇರವಾಗಿ ಹೋಲಿಸಿದ ಪ್ರಯೋಗ ಇದಲ್ಲ. ಬೆಳೆಯುತ್ತಿದ್ದ ಗೆಡ್ಡೆಗಳಲ್ಲೂ 44 ಶೇಕಡಾ ಮಂದಿ ಔಷಧವಿಲ್ಲದೆ ಎರಡು ವರ್ಷ ಸ್ಥಿರವಾಗಿದ್ದರೆಂಬುದು ಕಾಯುವವರ ಪಕ್ಷಕ್ಕೆ ಸಿಕ್ಕ ಬಲವಾದ ಸಾಕ್ಷಿ.

ಔಷಧಕ್ಕೆ ದೇಹ ತೆರುವ ಬೆಲೆಯೂ ಅದೇ ವರದಿಯಲ್ಲಿದೆ. 84 ಶೇಕಡಾ ಮಂದಿಗೆ ಭೇದಿಯಾಯಿತು. ವಾಕರಿಕೆ, ಆಯಾಸ, ಚರ್ಮದ ದದ್ದು ಸಾಮಾನ್ಯವಾಗಿದ್ದವು. ಮಕ್ಕಳಾಗುವ ವಯಸ್ಸಿನ 36 ಮಹಿಳೆಯರಲ್ಲಿ 27 ಮಂದಿಯ ಅಂಡಾಶಯದ ಕಾರ್ಯ ಏರುಪೇರಾಯಿತು. ಅವರಲ್ಲಿ 20 ಮಂದಿಗೆ ಅದು ಸರಿಹೋಯಿತು, ಕೆಲವರಿಗೆ ಔಷಧ ನಿಲ್ಲಿಸಿದ ಮೇಲೆ. ಈ ಗೆಡ್ಡೆ ಹೆಚ್ಚಾಗಿ ಕಾಡುವುದೇ ಆ ವಯಸ್ಸಿನ ಮಹಿಳೆಯರನ್ನು ಎಂಬುದನ್ನು ನೆನೆದರೆ, ಇದನ್ನು ಅಡ್ಡಪರಿಣಾಮಗಳ ಪಟ್ಟಿಯ ಇನ್ನೊಂದು ಸಾಲಾಗಿ ಓದಲಾಗದು. ಭ್ರೂಣಕ್ಕೂ ಔಷಧದಿಂದ ಅಪಾಯವಿರುವುದರಿಂದ ಚಿಕಿತ್ಸೆಯ ಅವಧಿಯಲ್ಲಿ ಗರ್ಭಧಾರಣೆ ಕೂಡದು. ಅಂಡಾಣುಗಳನ್ನು ಶೀತಲೀಕರಿಸಿಡುವ ಮಾತು ಮೊದಲ ಮಾತ್ರೆ ನುಂಗುವ ಮುನ್ನವೇ ಆಗಬೇಕು.

ಹಳೆಯ ಅಸ್ತ್ರಗಳು ಮೂಲೆ ಸೇರಿಲ್ಲ

ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ ಮತ್ತು ವಿನ್‌ಬ್ಲಾಸ್ಟಿನ್ ಜೋಡಿಯನ್ನು ಸುಮಾರು ಒಂದು ವರ್ಷ ಕೊಡುವ ಕೀಮೊ ಪದ್ಧತಿ ಬಹಳ ಹಿಂದಿನದು. ಪರಿಣಾಮ ನಿಧಾನ, ಆದರೆ ಚಿಕಿತ್ಸೆ ನಿಂತ ಮೇಲೂ ವರ್ಷಗಟ್ಟಲೆ ಉಳಿಯುವುದುಂಟು. ಫ್ರಾನ್ಸಿನಲ್ಲಿ ಈ ಜೋಡಿಯನ್ನು ಪಜೋಪನಿಬ್ ಮಾತ್ರೆಯೊಂದಿಗೆ ಹೋಲಿಸಿ 72 ರೋಗಿಗಳಲ್ಲಿ ಪರೀಕ್ಷಿಸಿದಾಗ, ಆರು ತಿಂಗಳ ಹೊತ್ತಿಗೆ ರೋಗ ಮುಂದುವರಿಯದವರು ಮಾತ್ರೆಯ ಗುಂಪಿನಲ್ಲಿ 83.7 ಶೇಕಡಾ, ಕೀಮೊ ಗುಂಪಿನಲ್ಲಿ 45 ಶೇಕಡಾ ಇದ್ದರು. ಕೀಮೊ ತಡವಾಗಿ ಫಲ ಕೊಡುವುದರಿಂದ ಆರು ತಿಂಗಳ ಅಳತೆ ಅದಕ್ಕೆ ಸ್ವಲ್ಪ ಅನ್ಯಾಯವೇ ಎಂದು ಅದರ ಪರವಾಗಿ ವಾದಿಸಬಹುದು. ಹೊಟ್ಟೆಯೊಳಗೆ ವೇಗವಾಗಿ ಹಿಗ್ಗಿ ಅಪಾಯ ಒಡ್ಡುತ್ತಿರುವ ಗೆಡ್ಡೆಗೆ ಡಾಕ್ಸೊರುಬಿಸಿನ್ ವರ್ಗದ ಬಲವಾದ ಕೀಮೊ ಇಂದಿಗೂ ಪರಿಗಣನೆಯಲ್ಲಿದೆ.

ವಿಕಿರಣ ಚಿಕಿತ್ಸೆ ಗೆಡ್ಡೆಯನ್ನು ಹಿಡಿದು ನಿಲ್ಲಿಸಬಲ್ಲದು. 56 ಗ್ರೇ ಪ್ರಮಾಣದ ವಿಕಿರಣವನ್ನು 44 ರೋಗಿಗಳಿಗೆ ನೀಡಿದ ಯುರೋಪಿನ ಅಧ್ಯಯನದಲ್ಲಿ ಮೂರು ವರ್ಷಗಳ ನಂತರ 81.5 ಶೇಕಡಾ ಮಂದಿಯಲ್ಲಿ ಗೆಡ್ಡೆ ಹತೋಟಿಯಲ್ಲಿತ್ತು. ಹಾಗಿದ್ದೂ ವೈದ್ಯರು ಹಿಂಜರಿಯಲು ಕಾರಣ ರೋಗಿಯ ವಯಸ್ಸು: ಇಪ್ಪತ್ತೈದರ ಹರೆಯದಲ್ಲಿ ಪಡೆದ ವಿಕಿರಣ, ದಶಕಗಳ ನಂತರ ಅದೇ ಜಾಗದಲ್ಲಿ ನಿಜವಾದ ಕ್ಯಾನ್ಸರ್ ಹುಟ್ಟಿಸುವ ಸಾಧ್ಯತೆಯಿದೆ. ಸೂಜಿಯಂತಹ ಸಲಾಕೆಗಳ ಮೂಲಕ ಗೆಡ್ಡೆಯನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಕ್ರಯೊಅಬ್ಲೇಶನ್‌ಗೆ ಆ ಭಯವಿಲ್ಲ. 50 ರೋಗಿಗಳ ಫ್ರೆಂಚ್ ಪ್ರಯೋಗದಲ್ಲಿ ವರ್ಷದ ಕೊನೆಗೆ 86 ಶೇಕಡಾ ಮಂದಿಯಲ್ಲಿ ರೋಗ ಮುಂದುವರಿದಿರಲಿಲ್ಲ. ದೊಡ್ಡ ನರಕ್ಕೋ ಕರುಳಿಗೋ ಅಂಟಿಕೊಂಡ ಗೆಡ್ಡೆಗೆ ಮಾತ್ರ ಅದನ್ನು ಬಳಸುವುದು ಕಷ್ಟ, ಏಕೆಂದರೆ ಶೈತ್ಯಕ್ಕೆ ಗೆಡ್ಡೆ ಯಾವುದು, ನರ ಯಾವುದು ಎಂಬ ಭೇದವಿಲ್ಲ.

ವಾದ ಇರುವುದು ಎಲ್ಲಿ

ಮೊದಲು ಕಾಯಬೇಕೆಂಬ ವಿಷಯದಲ್ಲಿ ತಜ್ಞರ ನಡುವೆ ಈಗ ದೊಡ್ಡ ಜಗಳವಿಲ್ಲ. ಭಿನ್ನಾಭಿಪ್ರಾಯ ಶುರುವಾಗುವುದು ಕಾಯುವುದನ್ನು ಯಾವಾಗ ನಿಲ್ಲಿಸಬೇಕು ಎಂಬಲ್ಲಿ. ಪರಿಣಾಮಕಾರಿ ಮಾತ್ರೆ ಇರುವಾಗ ಸ್ಕ್ಯಾನಿನ ಅಳತೆಗಿಂತ ರೋಗಿಯ ನೋವಿಗೆ ಹೆಚ್ಚು ಬೆಲೆ ಕೊಡಬೇಕು, ಬೇಗ ಆರಂಭಿಸಬೇಕು ಎನ್ನುವುದು ಒಂದು ಪಕ್ಷ. ತಾನಾಗಿ ನಿಲ್ಲಬಹುದಾಗಿದ್ದ ಗೆಡ್ಡೆಗೆ ವರ್ಷಗಟ್ಟಲೆ ಮಾತ್ರೆ ನುಂಗಿಸಿ, ಅದರ ಯಶಸ್ಸನ್ನು ಔಷಧದ ಖಾತೆಗೆ ಬರೆಯುವ ಅಪಾಯವಿದೆ ಎನ್ನುವುದು ಇನ್ನೊಂದು. ಎರಡನೆಯ ಎಚ್ಚರಿಕೆಗೆ ಸಾಕ್ಷ್ಯದ ಬೆಂಬಲ ಹೆಚ್ಚಿದೆ. ಆದರೆ ನೋವನ್ನು ಬರೀ ಲಕ್ಷಣವೆಂದು ಬದಿಗಿಡುವ ಹಳೆಯ ಅಭ್ಯಾಸವನ್ನು ಮೊದಲ ಪಕ್ಷ ಪ್ರಶ್ನಿಸಿದ್ದು ನ್ಯಾಯವೇ ಆಗಿದೆ.

ಅಳೆಯುವ ವಿಧಾನದಲ್ಲೇ ಒಂದು ತೊಡಕಿದೆ. ಗೆಡ್ಡೆಯ ಅತಿ ಉದ್ದದ ವ್ಯಾಸವನ್ನಷ್ಟೇ ಅಳೆಯುವುದು ರೂಢಿ. ಚಿಕಿತ್ಸೆ ಫಲಿಸಿದಾಗ ಡೆಸ್ಮಾಯ್ಡ್‌ನೊಳಗಿನ ಕೋಶಗಳು ಕಡಿಮೆಯಾಗಿ ನಿರ್ಜೀವ ನಾರು ಉಳಿಯುತ್ತದೆ. ಗಾತ್ರ ಹಾಗೇ ಇದ್ದು, ಎಂಆರ್‌ಐಯ ಟಿ2 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಭಾಗ ಕಪ್ಪಾಗುತ್ತದೆ. ಸೆಂಟಿಮೀಟರಿನ ಲೆಕ್ಕದಲ್ಲಿ ಸೋತ ಚಿಕಿತ್ಸೆ ಬಣ್ಣದ ಲೆಕ್ಕದಲ್ಲಿ ಗೆದ್ದಿರಬಹುದು. ಸ್ಕ್ಯಾನ್ ವರದಿಯಲ್ಲಿ ಗಾತ್ರ ಬದಲಾಗಿಲ್ಲವೆಂದು ಓದಿ ಕಂಗಾಲಾಗುವ ಮುನ್ನ ಟಿ2 ಚಿತ್ರದ ಬಗ್ಗೆ ವೈದ್ಯರನ್ನು ಕೇಳುವುದು ಒಳಿತು.

ಇನ್ನೊಂದು ತೊಡಕು ಅವಧಿಯದು. ಹಳೆಯ ಕೀಮೊಗೆ ಸರಿಸುಮಾರು ಒಂದು ವರ್ಷದ ಗಡಿಯಿತ್ತು. ಕೊನೆಯ ದಿನ ಯಾವುದೆಂದು ರೋಗಿಗೆ ಅಂದಾಜಿರುತ್ತಿತ್ತು. ನಿರೋಗಾಸೆಸ್ಟಾಟ್‌ಗೆ ಅಂಥ ಗಡಿಯಿಲ್ಲ. ಗೆಡ್ಡೆ ಮತ್ತೆ ಬೆಳೆಯುವವರೆಗೆ ಅಥವಾ ಅಡ್ಡಪರಿಣಾಮ ಸಹಿಸಲಾಗದಷ್ಟಾಗುವವರೆಗೆ ಮಾತ್ರೆ ಮುಂದುವರಿಸಬೇಕೆಂಬುದು ಪ್ರಯೋಗದ ನಿಯಮವಾಗಿತ್ತು, ಅನುಮತಿಯ ಹಿಂದಿರುವುದೂ ಅದೇ ನಿಯಮ. ಗೆಡ್ಡೆ ಕುಗ್ಗಿದೆ, ನೋವಿಲ್ಲ, ಆದರೆ ಮಗು ಬೇಕು ಎನ್ನುವ ಮೂವತ್ತೆರಡರ ಮಹಿಳೆಗೆ ‘ಕೆಲಸ ಮಾಡುತ್ತಿರುವವರೆಗೆ ನುಂಗಿ’ ಎಂಬ ಸೂಚನೆ ಉತ್ತರವಾಗುವುದಿಲ್ಲ. ಆಕೆಯ ವಿಷಯದಲ್ಲಿ ನಿಲ್ಲಿಸುವ ದಿನವನ್ನು ಆಕೆಯೂ ವೈದ್ಯರೂ ಕೂತು, ಆರಂಭಿಸುವ ದಿನವೇ ಮಾತಾಡಿಕೊಳ್ಳಬೇಕಾಗುತ್ತದೆ.